ಆರು ಪ್ರಾಣಿಗಳ ಪಡೆ

ಬೇಸಿಗೆಯ ರಜಕ್ಕೆಂದು ನಮ್ಮ ಮನೆಗೆ ಬಂದಿದ್ದ ಸೋದರಳಿಯನು ಒಂದು ದಿನ ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಹನ್ನೆರಡು ವರ್ಷದ ಹುಡುಗ. ಹಸಿವನ್ನು ಮರೆಯತಕ್ಕ ವಯಸ್ಸಲ್ಲ. ಒಳಗೆ ಹೋಗಿ ನೋಡಿದರೆ, ಆಟದ ಯಂತ್ರವನ್ನು ಮಗ್ಗುಲಲ್ಲಿ ಬೋರಲು ಹಾಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾನೆ. ಏನಾಯಿತೆಂದು ಕೇಳಿದೆನು. “ಮಾವ, ನನ್ನವು ಆರೂ ಬಲಿಷ್ಠವಾದುವು. ಎದುರು ಮನೆಯವನ ಒಂದೇ ಒಂದು ಪ್ರಾಣಿ ಅವನ್ನೆಲ್ಲ ಉರುಳಿಸಿಬಿಟ್ಟಿತು. ಇದು ನಾಲ್ಕನೆಯ ಸಲ” ಎಂದನು. ಭಾನುವಾರ ಬೀದಿಯ ಮಕ್ಕಳೆಲ್ಲ ಸೇರಿ ಪಂದ್ಯವನ್ನು ಇಟ್ಟುಕೊಂಡಿದ್ದರಂತೆ. ಅದಕ್ಕೆ ಇನ್ನು ಹನ್ನೆರಡೇ ದಿನ.

ನನಗೆ ಅದುವರೆಗೆ ಈ ಆಟದಲ್ಲಿ ಗೌರವವಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಮಕ್ಕಳು ಬೆರಳಾಡಿಸಿ ಹೊತ್ತು ಕಳೆಯುವುದಕ್ಕೆಂದು ಮಾಡಿದ ಬಣ್ಣದ ಗೊಂಬೆಗಳೆಂದು ತಿಳಿದಿದ್ದೆನು. ಹುಡುಗನ ಮೋರೆಯನ್ನು ಕಂಡು ಕನಿಕರದಿಂದ ಪಕ್ಕದಲ್ಲಿ ಕುಳಿತವನು, ಸಂಜೆಯಾಗುವ ಹೊತ್ತಿಗೆ ಕಾಗದ ಪೆನ್ಸಿಲುಗಳನ್ನು ತರಿಸಿಕೊಂಡಿದ್ದೆನು. ಮನೆಯಲ್ಲಿ ಮಕ್ಕಳಿರುವ ವಾಚಕರಿಗೆ ಈ ಸಂಗತಿ ಪ್ರಯೋಜನಕ್ಕೆ ಬಂದೀತೆಂದು ಇಲ್ಲಿ ಬರೆದಿದ್ದೇನೆ.

ಆಟದ ಹೆಸರು ಪೊಕೆಮಾನ್. ಅದು ಹುಟ್ಟಿದುದು ಜಪಾನಿನಲ್ಲಿ. 1996 ನೆಯ ಇಸವಿ ಫೆಬ್ರವರಿ 27 ರಂದು ಮೊದಲ ಎರಡು ಆಟಗಳು ಅಂಗಡಿಗೆ ಬಂದುವು. ಇದನ್ನು ಕಲ್ಪಿಸಿದ ಸತೋಷಿ ತಾಜಿರಿ ಎಂಬಾತನು ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಸುತ್ತಿದ್ದವನು; ಆ ಸಂತೋಷವು ನಗರದ ಮಕ್ಕಳಿಗೂ ದೊರೆಯಲೆಂಬುದು ಅವನ ಬಯಕೆಯಾಗಿತ್ತು. ಆಗ ಪ್ರಾಣಿಗಳ ಸಂಖ್ಯೆ 151. ಈಗ ಸಾವಿರಕ್ಕೂ ಮಿಕ್ಕಿದೆ. ಹಿಡಿದು ಸಾಕುವುದು ಆಟದ ಒಂದು ಮುಖ. ಸಾಕಿದ ಪ್ರಾಣಿಗಳನ್ನು ಮತ್ತೊಬ್ಬನ ಪ್ರಾಣಿಗಳೆದುರು ಹೂಡುವುದು ಇನ್ನೊಂದು. ಈ ಎರಡನೆಯ ಮುಖಕ್ಕೆ 2009 ರಿಂದ ಜಾಗತಿಕ ಪಂದ್ಯವೂ ನಡೆದುಬಂದಿದೆ. 2020 ಮತ್ತು 2021 ರಲ್ಲಿ ಮಾತ್ರ ಸಾಂಕ್ರಾಮಿಕದ ದೆಸೆಯಿಂದ ನಿಂತಿತು.

ಪಂದ್ಯದ ಕ್ರಮವನ್ನು ತಿಳಿಯದೆ ಮುಂದಿನ ಮಾತು ಅರ್ಥವಾಗದು. ಆಟಗಾರನು ಆರು ಪ್ರಾಣಿಗಳ ಪಡೆಯೊಂದನ್ನು ಕಟ್ಟಿಕೊಂಡು ಬರುತ್ತಾನೆ. ಹೋರಾಟಕ್ಕೆ ಮುನ್ನ ಇಬ್ಬರಿಗೂ ಪರಸ್ಪರರ ಆರು ಪ್ರಾಣಿಗಳು ಕಾಣುವುವು. ನೋಡಿ, ಅಲ್ಪ ಸಮಯದಲ್ಲಿ, ತನ್ನ ಆರರಲ್ಲಿ ನಾಲ್ಕನ್ನು ಆರಿಸಿಕೊಳ್ಳಬೇಕು. ಕಣಕ್ಕೆ ಒಂದು ಸಲಕ್ಕೆ ಇಳಿಯುವುವು ಎರಡೆರಡು. ಒಂದೊಂದು ಪ್ರಾಣಿಗೂ ನಾಲ್ಕು ಪಟ್ಟುಗಳು, ಒಂದು ಸಹಜಶಕ್ತಿ, ಕೈಯಲ್ಲಿ ಒಂದು ವಸ್ತು. ಒಂದೇ ವಸ್ತುವನ್ನು ಎರಡು ಪ್ರಾಣಿಗಳು ಹಿಡಿಯುವಂತಿಲ್ಲ. ಪ್ರತಿ ಸುತ್ತಿನಲ್ಲಿಯೂ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಆಜ್ಞೆ ಕೊಡುತ್ತಾರೆ; ಬಳಿಕ ವೇಗವುಳ್ಳದ್ದು ಮೊದಲು, ನಿಧಾನದ್ದು ಆಮೇಲೆ, ಹೀಗೆ ಆಜ್ಞೆಗಳು ನಡೆಯುವುವು. ಚದುರಂಗದಲ್ಲಿ ಎದುರಾಳಿಯ ನಡೆಯನ್ನು ನೋಡಿ ನಾವು ನಡೆಯುತ್ತೇವೆ. ಇಲ್ಲಿ ನೋಡದೆ ನಡೆಯಬೇಕು.

ಇನ್ನು ವರ್ಗಗಳು. ಬೆಂಕಿ, ನೀರು, ಹುಲ್ಲು, ಮಿಂಚು, ಹಿಮ, ಬಂಡೆ, ನೆಲ ಎಂದು ಮೊದಲು ಹದಿನೈದಿದ್ದುವು. 1999 ರಲ್ಲಿ ಉಕ್ಕು, ಕತ್ತಲೆ ಎಂಬ ಎರಡು, 2013 ರಲ್ಲಿ ಫೇರಿ ಎಂಬ ಯಕ್ಷಿಣಿಯರ ವರ್ಗವೊಂದು ಸೇರಿ ಹದಿನೆಂಟಾದುವು. ನೀರು ಬೆಂಕಿಯನ್ನು ಗೆಲ್ಲುವುದು, ಬೆಂಕಿ ಹುಲ್ಲನ್ನು, ಹುಲ್ಲು ನೀರನ್ನು. ಗೆಲ್ಲುವ ವರ್ಗದ ಪೆಟ್ಟು ಎರಡರಷ್ಟು ನಾಟುವುದು. ಸೋಲುವ ವರ್ಗದ ಪೆಟ್ಟು ಅರ್ಧಕ್ಕಿಳಿಯುವುದು. ಕೆಲವು ಕಡೆ ಸೊನ್ನೆಯೂ ಆಗುವುದು. ನೆಲದ ಪ್ರಾಣಿಗೆ ಮಿಂಚು ಏನನ್ನೂ ಮಾಡದು. ಹಾರುವ ಪ್ರಾಣಿಗೆ ಭೂಕಂಪ ತಟ್ಟದು. ಒಂದು ಪ್ರಾಣಿಗೆ ಎರಡು ವರ್ಗಗಳಿರುವುದೂ ಉಂಟು. ಎರಡೂ ಒಂದೇ ಪೆಟ್ಟಿಗೆ ಹೆದರುವುವಾದರೆ ಆ ಪೆಟ್ಟು ನಾಲ್ಮಡಿಯಾಗುವುದು.

ಇಷ್ಟನ್ನು ತಿಳಿದುಕೊಂಡು ಹುಡುಗನ ಪಡೆಯನ್ನು ನೋಡಿದೆನು. ಡ್ರ್ಯಾಗನೈಟ್, ಸಾಲಮೆನ್ಸ್, ಗಾರ್ಚೋಂಪ್, ಗ್ಯಾರಡಾಸ್, ಚಾರಿಜಾರ್ಡ್, ಟ್ಯಾಲನ್‌ಫ್ಲೇಮ್. ಚಿತ್ರಗಳನ್ನು ನೋಡಿದರೆ ದೇವಸ್ಥಾನದ ಗೋಪುರದ ಮೇಲೆ ಕೂಡಿಸಬಹುದಾದ ಮೃಗಗಳು. ಪ್ರತಿಯೊಂದು ಪ್ರಾಣಿಗೂ ಹುಟ್ಟಿನಿಂದ ಬಂದ ಬಲವನ್ನು ದೇಹಬಲ, ಹೊಡೆತ, ತಡೆತ, ಮಾಂತ್ರಿಕ ಹೊಡೆತ, ಮಾಂತ್ರಿಕ ತಡೆತ, ವೇಗ ಎಂದು ಆರು ಬಾಬುಗಳಲ್ಲಿ ಆಟದವರು ಗೊತ್ತುಮಾಡಿರುತ್ತಾರೆ. ಅವನ್ನು ಕೂಡಿಸಿದರೆ ಮೊದಲ ಮೂರಕ್ಕೆ ಆರು ಆರು ನೂರು, ಗ್ಯಾರಡಾಸ್‌ಗೆ 540, ಚಾರಿಜಾರ್ಡ್‌ಗೆ 534, ಟ್ಯಾಲನ್‌ಫ್ಲೇಮ್‌ಗೆ 499, ಮೊತ್ತ 3373. ಈ ಮೊತ್ತವನ್ನು ವಾಚಕರು ನೆನಪಿನಲ್ಲಿಡಬೇಕು.

ಹುಡುಗನು ಬುದ್ಧಿಯಿಲ್ಲದೆ ಆರಿಸಿದ್ದನೆಂದು ತಿಳಿಯಬಾರದು. ಗಾರ್ಚೋಂಪ್‌ನ ಭೂಕಂಪವು ಬಲು ಜೋರಿನ ಪಟ್ಟು. ಆದರೆ ಅದು ಎದುರಾಳಿಗಳನ್ನಲ್ಲದೆ ಪಕ್ಕದಲ್ಲಿ ನಿಂತ ಸ್ವಂತ ಜೊತೆಗಾರನನ್ನೂ ಹೊಡೆಯುವುದು. ಆದುದರಿಂದ ಮಿಕ್ಕ ಐದೂ ಹಾರುವ ಪ್ರಾಣಿಗಳಾದರೆ ಯಾವುದಕ್ಕೂ ಅಪಾಯವಿಲ್ಲವೆಂದು ಅವನ ಲೆಕ್ಕ. ಲೆಕ್ಕ ಸರಿಯೇ. ಆದರೆ ಅವನು ಜಮೆಯ ಪುಟವನ್ನು ಮಾತ್ರ ಬರೆದಿದ್ದನು. ಖರ್ಚಿನ ಪುಟವನ್ನು ತೆರೆದೇ ಇರಲಿಲ್ಲ.

ನಾವಿಬ್ಬರೂ ಕುಳಿತು ಒಂದು ಪಟ್ಟಿಯನ್ನು ಗೆರೆಹಾಕಿದೆವು. ಎಡಕ್ಕೆ ಆರು ಪ್ರಾಣಿಗಳು, ಮೇಲೆ ಹದಿನೆಂಟು ವರ್ಗಗಳು. ಯಾವ ಪೆಟ್ಟು ಯಾವುದಕ್ಕೆ ಎಷ್ಟು ಮಡಿ ಎಂದು ಮನೆ ಮನೆಗೂ ತುಂಬುತ್ತ ಹೋದೆವು. ಬಂಡೆಯ ಸಾಲಿಗೆ ಬಂದಾಗ ಹುಡುಗನ ಪೆನ್ಸಿಲು ನಿಂತಿತು. ಡ್ರ್ಯಾಗನೈಟ್ ಎರಡು, ಸಾಲಮೆನ್ಸ್ ಎರಡು, ಗ್ಯಾರಡಾಸ್ ಎರಡು, ಚಾರಿಜಾರ್ಡ್ ನಾಲ್ಕು, ಟ್ಯಾಲನ್‌ಫ್ಲೇಮ್ ನಾಲ್ಕು. ಆರರಲ್ಲಿ ಐದು ಬಂಡೆಗೆ ಹೆದರುವುವು! ಉಳಿದ ಗಾರ್ಚೋಂಪ್ ಬಂಡೆಯನ್ನು ತಡೆದುಕೊಳ್ಳುವುದಾದರೂ ಹಿಮದ ಪೆಟ್ಟಿಗೆ ನಾಲ್ಮಡಿ ಬೀಳುವುದು. ಹಿಮದ ಸಾಲಿನಲ್ಲಿ ಡ್ರ್ಯಾಗನೈಟ್, ಸಾಲಮೆನ್ಸ್‌ಗಳೂ ಹಾಗೆಯೇ. ಎದುರು ಮನೆಯವನ ಪ್ರಾಣಿ ಟೈರಾನಿಟಾರ್, ಬಂಡೆ ಮತ್ತು ಕತ್ತಲೆಯ ವರ್ಗದ್ದು. ಅದರ ರಾಕ್ ಸ್ಲೈಡ್ ಎಂಬ ಪಟ್ಟು ಎದುರಿನ ಎರಡು ಪ್ರಾಣಿಗಳ ಮೇಲೂ ಒಟ್ಟಿಗೆ ಬಂಡೆಗಳನ್ನು ಉರುಳಿಸುವುದು. ಪೆಟ್ಟು ತಿಂದುದು ಕೆಲವು ಸಲ ಬೆಚ್ಚಿ ತನ್ನ ಸರದಿಯನ್ನೇ ಕಳೆದುಕೊಳ್ಳುವುದು. ಪಕ್ಕದಲ್ಲಿ ಹಿಮದ ಪ್ರಾಣಿಯೊಂದು ನಿಂತರೆ ಮುಗಿಯಿತು. ಇದರಲ್ಲಿ ಎದುರು ಮನೆಯವನ ಜಾಣತನವೇನೂ ವಿಶೇಷವಿರಲಿಲ್ಲ. ಅವನು ಒಂದೇ ಪ್ರಶ್ನೆಯನ್ನು ಕೇಳಿದನು, ಹುಡುಗನ ಆರೂ ಪ್ರಾಣಿಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಸಮತೂಕದ ಪಡೆ ಎಂದರೆ ಬೆಂಕಿಗೊಂದು ನೀರಿಗೊಂದು ಹುಲ್ಲಿಗೊಂದು ಎಂದು ಸಂತೆಯಿಂದ ತಂದ ತರಕಾರಿಯ ಹಾಗೆ ಬಗೆಬಗೆಯನ್ನು ಕೂಡಿಸುವುದೆಂದು ಹಲವರು ತಿಳಿಯುತ್ತಾರೆ. ನಾನೂ ಮೊದಲು ಹಾಗೆಯೇ ಎಂದುಕೊಂಡೆನು. ಅದಲ್ಲ. ಮದುವೆಯ ಮನೆಯಲ್ಲಿ ಎಲ್ಲರೂ ಶಾಲು ಹೊದೆದು ಬಾಗಿಲಲ್ಲಿ ನಿಂತು ಬಂದವರನ್ನು ಎದುರುಗೊಳ್ಳುವವರೇ ಆದರೆ ಊಟಕ್ಕೆ ಎಲೆ ಬೀಳದು. ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಛಾಯಾಚಿತ್ರದಲ್ಲಿ ಎಲ್ಲಿಯೂ ಕಾಣದೆ, ತುಪ್ಪ ಎಷ್ಟು ಹೋಯಿತು, ಸಕ್ಕರೆ ಎಷ್ಟು ಉಳಿಯಿತು ಎಂದು ನೋಡುವ ಸೋದರತ್ತೆಯೊಬ್ಬಳು ಬೇಕು. ಅವಳು ಬೇಕಾದುದು ಬಗೆಗೊಂದಿರಲಿ ಎಂದಲ್ಲ. ಅವಳು ಮಾಡುವ ಕೆಲಸವನ್ನು ಅವಳಿಲ್ಲದೆ ಬೇರೆ ಯಾರೂ ಮಾಡರೆಂದು.

ಈ ಆಟದ ಚರಿತ್ರೆಯಲ್ಲಿ ಅಂಥ ಸೋದರತ್ತೆಯೊಬ್ಬಳ ಕಥೆಯಿದೆ. ಹುಡುಗನಿಗೆ ಅದು ಕಂಠಪಾಠವಾಗಿತ್ತು. ಅದರ ಅರ್ಥವನ್ನು ಮಾತ್ರ ಅವನು ಬೇರೆಯಾಗಿ ತಿಳಿದಿದ್ದನು.

2014 ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಜಾಗತಿಕ ಪಂದ್ಯ ನಡೆಯಿತು. ದೊಡ್ಡವರ ವಿಭಾಗದ ಕೊನೆಯ ಸ್ಪರ್ಧೆಗೆ ಬಂದವರು ಕೊರಿಯದ ಸೆ ಜುನ್ ಪಾರ್ಕ್ ಮತ್ತು ಅಮೆರಿಕದ ಜೂಡಿ ಅಝರೆಲ್ಲಿ. ಪಾರ್ಕನ ಪಡೆಯಲ್ಲಿ ಗ್ಯಾರಡಾಸ್, ಗಾರ್ಚೋಂಪ್, ಟ್ಯಾಲನ್‌ಫ್ಲೇಮ್, ಗಾರ್ಡೆವ್ವಾರ್, ಗಾಥಿಟೆಲ್ ಎಂಬ ಐದು ಹೆಸರಾದ ಪ್ರಾಣಿಗಳಿದ್ದುವು. ಆರನೆಯದು ಪಚಿರಿಸು. ಪಚಿರಿಸು ಎಂದರೆ ಮಿಂಚಿನ ವರ್ಗದ ಒಂದು ಅಳಿಲು; ಎತ್ತರ ನಲವತ್ತು ಸೆಂಟಿಮೀಟರು, ತೂಕ ನಾಲ್ಕು ಕಿಲೋ ಸಹ ಇಲ್ಲ. ಗ್ಯಾರಡಾಸ್ ಎಂಬ ನೀರಿನ ಸರ್ಪವು ಆರೂವರೆ ಮೀಟರು ಉದ್ದ, 235 ಕಿಲೋ ತೂಕ. ಅದರ ಪಕ್ಕದಲ್ಲಿ ಈ ಅಳಿಲು! ಅಳಿಲಿನ ಬಲದ ಅಂಕ 405. ದೊಡ್ಡ ಪಂದ್ಯಕ್ಕೆ ಅದನ್ನು ತರಬಹುದೆಂದು ಯಾರೂ ಎಣಿಸಿರಲಿಲ್ಲ. ಪಾರ್ಕನು ಗೆದ್ದನು.

“ಅವನಿಗೆ ಪಚಿರಿಸು ಎಂದರೆ ಪ್ರೀತಿ, ಅದಕ್ಕೇ ಗೆದ್ದ” ಎಂದು ಹುಡುಗ ಹೇಳಿದನು. ಪ್ರೀತಿ ಇದ್ದಿರಲಿ, ಯಾರು ಬೇಡವೆಂದರು? ಆದರೆ ಆ ಅಳಿಲಿನ ಪಟ್ಟುಗಳನ್ನು ಒಂದೊಂದಾಗಿ ನೋಡಿದಾಗ ನನಗೆ ಅಲ್ಲಿ ಕಂಡುದು ಪ್ರೀತಿಗಿಂತ ಹೆಚ್ಚಾಗಿ ಲೆಕ್ಕ. ಗ್ಯಾರಡಾಸ್ ನೀರಿನದೂ ಹಾರುವುದೂ ಆದುದರಿಂದ ಮಿಂಚಿನ ಪೆಟ್ಟು ಅದಕ್ಕೆ ನಾಲ್ಮಡಿ. ಪಚಿರಿಸುವಿಗೆ ಫಾಲೋ ಮೀ ಎಂಬ ಪಟ್ಟುಂಟು. ಅದನ್ನು ಹೂಡಿದ ಸುತ್ತಿನಲ್ಲಿ ಎದುರಾಳಿಯು ಒಂದು ಪ್ರಾಣಿಗೆ ಗುರಿಯಿಟ್ಟ ಪೆಟ್ಟುಗಳೆಲ್ಲ ಜೊತೆಗಾರನನ್ನು ಬಿಟ್ಟು ತನ್ನ ಕಡೆಗೇ ತಿರುಗುವುವು. ಹಾಗೆ ತಿರುಗಿ ಬಂದುದು ಮಿಂಚಾದರೆ? ಪಚಿರಿಸುವಿನ ಸಹಜಶಕ್ತಿಯು ಮಿಂಚನ್ನು ಕುಡಿದು ದೇಹಬಲದ ಕಾಲು ಭಾಗವನ್ನು ಮರಳಿ ಪಡೆಯುವಂಥದು. ಗ್ಯಾರಡಾಸ್‌ನನ್ನು ಕೊಲ್ಲಬೇಕೆಂದು ಬಿಟ್ಟ ಬಾಣವು ಅಳಿಲಿಗೆ ಔಷಧವಾಗುವುದು. ಎದುರಾಳಿಯ ಒಂದು ಸರದಿ ವ್ಯರ್ಥವಾಗುವುದಲ್ಲದೆ, ಆ ಹೊತ್ತಿನಲ್ಲಿ ಗ್ಯಾರಡಾಸ್ ನಿರಾತಂಕವಾಗಿ ತನ್ನ ಕೆಲಸವನ್ನು ನೋಡಿಕೊಳ್ಳುವುದು.

ಇಷ್ಟೇ ಆಗಿದ್ದರೆ ಎದುರಾಳಿಯು ಅಳಿಲನ್ನು ಲೆಕ್ಕಿಸದೆ ಬಿಟ್ಟುಬಿಡಬಹುದಾಗಿತ್ತು. ಅದಕ್ಕೂ ಪಾರ್ಕನು ಎಡೆಗೊಡಲಿಲ್ಲ. ಸೂಪರ್ ಫ್ಯಾಂಗ್ ಎಂಬ ಇನ್ನೊಂದು ಪಟ್ಟಿನಲ್ಲಿ ಹೊಡೆಯುವ ಪ್ರಾಣಿಯ ಬಲ ಎಷ್ಟಿದ್ದರೂ ಒಂದೇ. ಎದುರಿನ ಪ್ರಾಣಿಗೆ ಉಳಿದಿರುವ ದೇಹಬಲದಲ್ಲಿ ಅರ್ಧವು ಹೋಗುವುದು. ದುರ್ಬಲನ ಕೈಗೆ ಇದಕ್ಕಿಂತ ತಕ್ಕ ಆಯುಧ ಬೇರೆ ಯಾವುದು? ನಜಲ್ ಎಂಬ ಪಟ್ಟಿನ ಪೆಟ್ಟು ಹೆಸರಿಗೆ ಮಾತ್ರ, ಆದರೆ ತಗುಲಿದ ಪ್ರಾಣಿಗೆ ತಪ್ಪದೆ ಮರಗಟ್ಟುವುದು. ಆಗಿನ ನಿಯಮದಂತೆ ಮರಗಟ್ಟಿದ ಪ್ರಾಣಿಯ ವೇಗ ಕಾಲು ಭಾಗಕ್ಕೆ ಇಳಿಯುತ್ತಿತ್ತು. ನಾಲ್ಕನೆಯದು ಪ್ರೊಟೆಕ್ಟ್, ಒಂದು ಸುತ್ತು ಮೈಗಾವಲು. ಕೈಯಲ್ಲಿ, ಅರ್ಧ ಸೋತಾಗ ತಿಂದು ಚೇತರಿಸಿಕೊಳ್ಳುವುದಕ್ಕೆ ಒಂದು ಹಣ್ಣು. ಆ ವರ್ಷ ಕಣದಲ್ಲಿ ಎಲ್ಲರೂ ಹೆದರುತ್ತಿದ್ದುದು ಕ್ಯಾಂಗಸ್‌ಖಾನ್ ಎಂಬ ತಾಯಿಪ್ರಾಣಿಗೆ. ರೂಪಾಂತರ ಹೊಂದಿದರೆ ಅದು ಹೊಡೆದ ಮೇಲೆ ಅದರ ಮರಿಯೂ ಒಂದು ಪೆಟ್ಟು ಹಾಕುತ್ತಿತ್ತು. ಅಂಥದನ್ನು ಅರ್ಧಕ್ಕೆ ಇಳಿಸಿ, ನಿಧಾನಗೊಳಿಸಿ, ಜೊತೆಗಾರನ ಕೈಗೊಪ್ಪಿಸುವುದು ಅಳಿಲಿಗೆ ಸಾಧ್ಯವಾಗುತ್ತಿತ್ತು.

ಅದೇ ಬಗೆಯಲ್ಲಿ ಪೆಟ್ಟುಗಳನ್ನು ತನ್ನ ಕಡೆಗೆ ಎಳೆದುಕೊಳ್ಳುವ ಅಮೂಂಗಸ್ ಎಂಬ ಅಣಬೆಯನ್ನು ಆಗ ಹಲವರು ತರುತ್ತಿದ್ದರು. ಆದರೆ ಅಣಬೆಯದು ಪುಡಿ ಎರಚಿ ಸೆಳೆಯುವ ಉಪಾಯ. 2013 ರಲ್ಲಿ ಬಂದ ನಿಯಮದಿಂದ ಹುಲ್ಲಿನ ವರ್ಗದ ಪ್ರಾಣಿಗಳಿಗೆ ಯಾವ ಪುಡಿಯೂ ತಟ್ಟದು. ಪಚಿರಿಸುವಿನ ಕರೆಗೆ ಆ ಅಡ್ಡಿಯಿಲ್ಲ. ಇಂಥ ಸಣ್ಣ ವಿಷಯಗಳಲ್ಲಿ ಪಡೆಗಳು ನಿಲ್ಲುವುವು, ಬೀಳುವುವು.

ಈಗ ಮೊತ್ತ. ಪಾರ್ಕನ ಆರು ಪ್ರಾಣಿಗಳ ಅಂಕಗಳನ್ನು ಕೂಡಿಸೆಂದು ಹುಡುಗನಿಗೆ ಹೇಳಿದೆನು. 3052. ಗ್ಯಾರಡಾಸ್‌ನ ರೂಪಾಂತರಕ್ಕೆ ಇನ್ನೊಂದು ನೂರನ್ನು ಸೇರಿಸಿದರೂ 3152. ಜಗತ್ತನ್ನು ಗೆದ್ದ ಪಡೆಗಿಂತ ನಮ್ಮ ಹುಡುಗನ ಪಡೆ ಇನ್ನೂರಕ್ಕೂ ಹೆಚ್ಚು ಬಲಿಷ್ಠ! ಅವನು ಎರಡು ಸಲ ಕೂಡಿಸಿ ನೋಡಿ, ಮಾತನಾಡದೆ ಎದ್ದು ಹೋಗಿ ನೀರು ಕುಡಿದು ಬಂದನು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಪಾರ್ಕನು ಗೆದ್ದ ಮೇಲೆ ಪಚಿರಿಸುವನ್ನು ತಮ್ಮ ತಮ್ಮ ಪಡೆಗೆ ಸುಮ್ಮನೆ ತಂದು ಸೇರಿಸಿದವರಿಗೆ ಅದು ಏನನ್ನೂ ಮಾಡಿಕೊಡಲಾರದು. ಮಿಂಚಿಗೆ ಹೆದರುವ ಸಮರ್ಥನೊಬ್ಬನು ಪಕ್ಕದಲ್ಲಿಲ್ಲವಾದರೆ ಅಳಿಲು ಬರಿಯ ಅಳಿಲು. 2016 ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಗೆದ್ದ ಅಮೆರಿಕದ ವುಲ್ಫ್ ಗ್ಲಿಕ್‌ನ ಪಡೆಯಲ್ಲಿಯೂ ಈ ನ್ಯಾಯವೇ ಕಾಣುವುದು. ಆ ವರ್ಷ ಒಂದೊಂದು ಪಡೆಗೆ ಎರಡರಂತೆ ಪುರಾಣಪುರುಷರಂಥ ಮಹಾಪ್ರಾಣಿಗಳನ್ನು ತರುವುದಕ್ಕೆ ಅನುಮತಿಯಿತ್ತು. ಬಹುಮಂದಿ ಗ್ರೌಡಾನ್, ಝರ್ನಿಯಸ್‌ಗಳನ್ನು ತಂದರು. ಗ್ಲಿಕ್ ತಂದುದು ಕಡಲಿನ ಕೈಯೋಗರ್ ಮತ್ತು ಆಕಾಶದ ರೇಕ್ವಾಜಾ. ಅವುಗಳ ಹಿಂದೆ ನಿಂತವರಲ್ಲಿ ರೈಚು ಎಂಬ ಇಲಿಯೊಂದು. ಮಿಂಚನ್ನು ತನ್ನೆಡೆಗೆ ಸೆಳೆದು ನುಂಗಿಬಿಡುವುದು ಅದರ ಸಹಜಶಕ್ತಿ. ಕಡಲಿಗೆ ಇಲಿಯ ಕಾವಲು! ಹಿಟ್‌ಮನ್‌ಟಾಪ್ ಎಂಬ, ತಲೆಕೆಳಗಾಗಿ ಬುಗುರಿಯಂತೆ ತಿರುಗುವ ಮಲ್ಲನೊಬ್ಬನೂ ಆ ಪಡೆಯಲ್ಲಿದ್ದನು. ಈ ಹೆಸರು ಹುಡುಗನ ಕಿವಿಗೆ ಬಿದ್ದುದು ಮುಂದೆ ಉಪಯೋಗಕ್ಕೆ ಬಂದಿತು.

ವೇಗದ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಟೇಲ್‌ವಿಂಡ್ ಎಂಬ ಹಿಂಗಾಳಿಯನ್ನು ಎಬ್ಬಿಸಿದರೆ ನಾಲ್ಕು ಸುತ್ತು ತನ್ನ ಪಕ್ಷದವರ ವೇಗ ಇಮ್ಮಡಿಯಾಗುವುದು. ಟ್ರಿಕ್ ರೂಮ್ ಎಂಬ ಮಾಯೆಯನ್ನು ಹೂಡಿದರೆ ಐದು ಸುತ್ತು ಲೋಕವೇ ತಲೆಕೆಳಗಾಗಿ, ನಿಧಾನದವನು ಮೊದಲು, ವೇಗದವನು ಕೊನೆಗೆ. ಪಡೆಯಲ್ಲಿ ಇವೆರಡರಲ್ಲಿ ಒಂದಿಲ್ಲವಾದರೆ, ಇಲ್ಲವೇ ಎದುರಾಳಿಯ ಕೈಯಲ್ಲಿ ಅದಿದ್ದಾಗ ಏನು ಮಾಡಬೇಕೆಂಬ ಯೋಚನೆಯಾದರೂ ಇಲ್ಲವಾದರೆ, ಮಿಕ್ಕುದೆಲ್ಲ ಇದ್ದೂ ಸೋಲಬೇಕಾಗುವುದು. ಸಮತೂಕವನ್ನು ಬೇಕೆಂದೇ ಬಿಟ್ಟು, ಪೂರ್ತ ನಿಧಾನದ ಪ್ರಾಣಿಗಳನ್ನೋ ಪೂರ್ತ ಮಳೆಯಲ್ಲಿ ಕಾದುವ ಪ್ರಾಣಿಗಳನ್ನೋ ಕೂಡಿಸಿ ಗೆಲ್ಲುವವರೂ ಉಂಟು. ಅದು ಜೂಜು, ಆದರೆ ಮೂರ್ಖತನವಲ್ಲ.

ಪಡೆಯನ್ನು ಹೊಸದಾಗಿ ಕಟ್ಟುವ ಹೊತ್ತು ಬಂದಿತು. ಬಂಡೆ, ಹಿಮಗಳಿಗೆ ಹೆದರುವವರಲ್ಲಿ ಕೆಲವರನ್ನು ಬಿಡಲೇಬೇಕು. ಸಾಲಮೆನ್ಸ್, ಟ್ಯಾಲನ್‌ಫ್ಲೇಮ್‌ಗಳನ್ನು ಹುಡುಗನು ಬೇಗ ಬಿಟ್ಟನು. ಮೂರನೆಯದಾಗಿ ಡ್ರ್ಯಾಗನೈಟ್ ಹೋಗಲೆಂದು ನಾನು ಹೇಳಿದೆನು. ಪಟ್ಟಿಯ ಪ್ರಕಾರ ಅದೇ ನ್ಯಾಯ. ಅವನು ಪೆನ್ಸಿಲನ್ನು ಕೆಳಗಿಟ್ಟನು.

“ಅದು ಅಕ್ಕನದು, ಮಾವ.”

ಸಂಗತಿಯೇನೆಂದರೆ, ಅವನ ಅಕ್ಕನಿಗೆ ಎರಡು ವರ್ಷಗಳ ಹಿಂದೆ ಮದುವೆಯಾಗಿ ಧಾರವಾಡಕ್ಕೆ ಹೋದಳು. ಹೋಗುವ ಮುನ್ನ ತಾನು ಸಾಕಿದ ಪ್ರಾಣಿಗಳಲ್ಲಿ ಇದೊಂದನ್ನು ತಮ್ಮನಿಗೆ ಕೊಟ್ಟಳಂತೆ. ಈ ಆಟದಲ್ಲಿ ಒಂದು ಪ್ರಾಣಿಯು ಕೈಯಿಂದ ಕೈಗೆ ಹೋದರೂ, ಮೊದಲು ಹಿಡಿದವರ ಹೆಸರು ಅದರ ವಿವರದ ಪುಟದಲ್ಲಿ ಅಳಿಯದೆ ನಿಂತಿರುವುದು. ಹುಡುಗನು ಆ ಪುಟವನ್ನು ತೆರೆದು ನನಗೆ ತೋರಿಸಿದನು. ಅಕ್ಕನ ಹೆಸರು ಅಲ್ಲಿತ್ತು. ನಾನು ಏನು ಹೇಳಲಿ? ಚಾರಿಜಾರ್ಡ್ ಅವನಿಗೆ ಎಲ್ಲಕ್ಕಿಂತ ಅಚ್ಚುಮೆಚ್ಚಿನದೆಂದು ನನಗೆ ಗೊತ್ತಿತ್ತು. ಆದರೂ ಅವನೇ, “ಚಾರಿಜಾರ್ಡ್ ನನ್ನದು, ಅದನ್ನು ಬಿಡಬಹುದು” ಎಂದು ಅದರ ಹೆಸರಿನ ಮೇಲೆ ಗೆರೆ ಎಳೆದನು.

ಆ ರಾತ್ರಿ ಅವಳಿಗೆ ಫೋನು ಮಾಡಿಸಿದೆನು. ಪಡೆಯ ವಿಷಯವನ್ನು ಕೇಳಿ ಅವಳು ನಕ್ಕಳು. “ಮಾವ, ಅದನ್ನು ನಾನು ಹೊಡೆಯುವುದಕ್ಕೆ ಸಾಕಿದ್ದಲ್ಲ. ಗಾಳಿ ಎಬ್ಬಿಸುವುದಕ್ಕೆ ಸಾಕಿದ್ದು. ಅವನು ಆ ಪಟ್ಟನ್ನು ತೆಗೆದು ಬೇರೆ ಕಲಿಸಿರಬೇಕು, ಕೇಳಿ” ಎಂದಳು. ಕೇಳಿದೆನು. ಹಾಗೆಯೇ ಮಾಡಿದ್ದನು. ಡ್ರ್ಯಾಗನೈಟ್‌ನಲ್ಲಿ ಒಂದು ಅಪರೂಪದ ಸಹಜಶಕ್ತಿಯುಂಟು: ದೇಹಬಲ ಪೂರ್ತಿಯಾಗಿರುವಾಗ ಬಿದ್ದ ಪೆಟ್ಟು ಅರ್ಧಕ್ಕಿಳಿಯುವುದು. ನಾಲ್ಮಡಿಯ ಹಿಮವೂ ಮೊದಲ ಸಲ ಇಮ್ಮಡಿಯಷ್ಟೇ ನಾಟುವುದರಿಂದ, ಹಿಂಗಾಳಿಯನ್ನೆಬ್ಬಿಸುವಷ್ಟು ಕಾಲ ಅದು ನಿಂತೀತು. ಪಟ್ಟಿಯಲ್ಲಿ ನಾನು ಬರೆದ ಅಂಕಗಳು ಸರಿಯಾಗಿದ್ದುವು. ಆ ಪ್ರಾಣಿಯ ಕೆಲಸವೇನೆಂದು ಕೇಳುವುದನ್ನು ಮಾತ್ರ ಮರೆತಿದ್ದೆನು.

ಹೀಗೆ ಡ್ರ್ಯಾಗನೈಟ್, ಗಾರ್ಚೋಂಪ್, ಗ್ಯಾರಡಾಸ್ ಉಳಿದುವು. ನಾಲ್ಕನೆಯದು ಹಿಟ್‌ಮನ್‌ಟಾಪ್. ಮಲ್ಲವರ್ಗದ ಪೆಟ್ಟು ಟೈರಾನಿಟಾರ್‌ಗೆ ನಾಲ್ಮಡಿ. ಮೇಲಾಗಿ ಇದು ವೈಡ್ ಗಾರ್ಡ್ ಎಂಬ ಪಟ್ಟನ್ನು ಬಲ್ಲುದು, ಅದನ್ನು ಹೂಡಿದ ಸುತ್ತಿನಲ್ಲಿ ಇಬ್ಬರ ಮೇಲೂ ಒಟ್ಟಿಗೆ ಬರುವ ಪೆಟ್ಟು ಯಾರಿಗೂ ತಗುಲದು. ಐದನೆಯದು ಸೈಜರ್, ಕೀಟವೂ ಉಕ್ಕೂ ಆದುದು. ಹಿಮವನ್ನು ತಾಳಿಕೊಳ್ಳುವುದು, ಬೆಂಕಿಗೆ ಮಾತ್ರ ನಾಲ್ಮಡಿ ಬೇಯುವುದು. ಬೆಂಕಿ ಬಂದರೆ ಅದನ್ನು ಹಿಂದಕ್ಕೆ ಕರೆದು, ಬೆಂಕಿಯನ್ನು ಲೆಕ್ಕಿಸದ ಗ್ಯಾರಡಾಸ್‌ನನ್ನೋ ಡ್ರ್ಯಾಗನೈಟನ್ನೋ ಮುಂದಕ್ಕೆ ಬಿಡಬಹುದು. ಆರನೆಯದು ಅಮೂಂಗಸ್ ಅಣಬೆ: ಪೆಟ್ಟುಗಳನ್ನು ಸೆಳೆಯುವುದು, ಪುಡಿ ಎರಚಿ ನಿದ್ದೆ ಬರಿಸುವುದು; ನಿಧಾನದಲ್ಲಿ ಅದಕ್ಕೆ ಸಮಾನವಾದುದು ಅಪರೂಪ. ಬಂಡೆಗೆ ಹೆದರುವವರು ಐವರಿದ್ದುದು ಇಬ್ಬರಾದರು. ಹಳೆಯ ಅನುಕೂಲವೊಂದು ಹೋಯಿತು: ಗಾರ್ಚೋಂಪ್ ಭೂಕಂಪ ಮಾಡಿದರೆ ಈಗ ಮೂವರು ಸ್ವಂತದವರಿಗೇ ಪೆಟ್ಟು. ಹುಡುಗನು ಅದನ್ನು ಖರ್ಚಿನ ಪುಟದಲ್ಲಿ ಬರೆದುಕೊಂಡನು. 2022 ರಲ್ಲಿ ಬಂದ ಈ ಆಟದಲ್ಲಿ, ಹೋರಾಟಕ್ಕೊಮ್ಮೆ ಒಂದು ಪ್ರಾಣಿಯ ವರ್ಗವನ್ನೇ ಬದಲಾಯಿಸುವ ಅವಕಾಶವೂ ಇದೆ. ಮಕ್ಕಳು ತಮ್ಮ ಪಂದ್ಯದಲ್ಲಿ ಅದು ಬೇಡವೆಂದು ಮೊದಲೇ ಮಾತಾಡಿಕೊಂಡಿದ್ದರಾದುದರಿಂದ ನನ್ನ ತಲೆಗೆ ಅಷ್ಟು ಹೊರೆ ಕಡಮೆಯಾಯಿತು.

ಭಾನುವಾರ ಬಂದಿತು. ಐದು ಹುಡುಗರು, ಮೂರು ಹುಡುಗಿಯರು. ಎದುರು ಮನೆಯ ಜಗಲಿಯೇ ರಂಗಸ್ಥಳ. ದೊಡ್ಡವರು ಬರಕೂಡದೆಂದು ಕಟ್ಟಪ್ಪಣೆಯಾಗಿದ್ದರೂ ನಾನು ಪತ್ರಿಕೆ ಓದುವವನಂತೆ ನಮ್ಮ ಬಾಗಿಲಲ್ಲಿಯೇ ಕುರ್ಚಿ ಹಾಕಿಕೊಂಡು ಕುಳಿತೆನು. ಮೊದಲನೆಯ ಜೋಡಿಯೇ ಎದುರು ಮನೆಯವನದು. ಟೈರಾನಿಟಾರ್ ಇಳಿಯಿತು, ಬಂಡೆಗಳು ಉರುಳಿದುವು, ಹಿಟ್‌ಮನ್‌ಟಾಪ್ ಅಡ್ಡ ನಿಂತಿತು. ಒಂದು ಕಲ್ಲೂ ತಗುಲಲಿಲ್ಲ. ಜಗಲಿಯಲ್ಲಿ ಎದ್ದ ಕೂಗು ಬೀದಿಯ ತುದಿಗೆ ಕೇಳಿಸಿರಬೇಕು. ಎರಡನೆಯ ಆಟವನ್ನೂ ಗೆದ್ದನು. ಕೊನೆಯದು ಹಿಂದಿನ ಬೀದಿಯ ಹುಡುಗಿಯೊಬ್ಬಳೊಡನೆ. ಅವಳು ಮಾತಿಲ್ಲದವಳು, ಅವಳ ಹ್ಯಾಟರೀನ್ ಎಂಬ ಮಾಟಗಾತಿಯೂ ರೈಪೀರಿಯರ್ ಎಂಬ ಕಲ್ಲುಮೈಯ ಖಡ್ಗಮೃಗವೂ ತೆವಳುವಷ್ಟು ನಿಧಾನ. ಹುಡುಗನು ವಾಡಿಕೆಯಂತೆ ಮೊದಲ ಸುತ್ತಿನಲ್ಲಿಯೇ ಡ್ರ್ಯಾಗನೈಟ್‌ನಿಂದ ಹಿಂಗಾಳಿಯನ್ನೆಬ್ಬಿಸಿದನು. ಅದೇ ಸುತ್ತಿನ ಕೊನೆಯಲ್ಲಿ ಅವಳು ಟ್ರಿಕ್ ರೂಮ್ ಹೂಡಿದಳು. ವೇಗ ಇಮ್ಮಡಿಯಾದ ಇವನ ಪ್ರಾಣಿಗಳೆಲ್ಲ, ಆ ವೇಗದ ದೆಸೆಯಿಂದಲೇ, ಸಾಲಿನ ಕೊನೆಗೆ ಹೋಗಿ ನಿಂತುವು.

ಜಗಲಿಯಲ್ಲಿ ಕೂಗಾಟ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಹುಡುಗನು ಬೀದಿಯನ್ನು ದಾಟಿ ಬಂದು, ಕೈಕಾಲು ತೊಳೆದುಕೊಂಡು, ಯಾರೂ ಕರೆಯದೆ ತಾನಾಗಿ ಎಲೆಯ ಮುಂದೆ ಕುಳಿತನು. ಅವನ ಅತ್ತೆ ಎರಡನೆಯ ಸಲ ಸಾರು ಬಡಿಸುವವರೆಗೂ ಮಾತಿಲ್ಲ. ಆಮೇಲೆ, ತಲೆಯೆತ್ತದೆ, “ಮಾವ, ಅಣಬೆಯನ್ನು ಹೊರಗೆ ಕೂರಿಸಿಬಿಟ್ಟಿದ್ದೆ” ಎಂದನು.

ಊಟವಾದ ಮೇಲೆ ಪಟ್ಟಿಯ ಪುಸ್ತಕವನ್ನು ತಂದು ನನ್ನ ಮುಂದೆ ಇಟ್ಟನು. ಹೊಸದೊಂದು ಪುಟದಲ್ಲಿ ಆ ಹುಡುಗಿಯ ಆರು ಪ್ರಾಣಿಗಳ ಹೆಸರುಗಳನ್ನು ಆಗಲೇ ಬರೆದಿದ್ದನು.